ಆಟವಿಲ್ಲದ ನಾಲ್ಕನೇ ದಿನ

ಡಿಸೆಂಬರ್ 3, ಬೆಳಿಗ್ಗೆ ಹತ್ತು ಗಂಟೆ. ಟಾಸ್ ಗೆದ್ದದ್ದು ನಾವು, ಬ್ಯಾಟಿಂಗ್ ನಮ್ಮದು. ಬೆಂಚಿನಲ್ಲಿ ಮೂವರು, ಒಲೆಯ ಹಿಂದೆ ಒಬ್ಬರು. ಬಿಸಿಲು. ಗಾಳಿ ಇಲ್ಲ.

ನನ್ನ ನೋಟ್‌ಪುಸ್ತಕದಲ್ಲಿ ಆ ಟೆಸ್ಟ್ ಪಂದ್ಯ ಶುರುವಾಗುವುದು ಹೀಗೆ. ಇದಾಗಿ ನಾಲ್ಕು ವರ್ಷವಾಯಿತು. ಆಗ ನಾನು ಪಿಯುಸಿ ಮುಗಿಸಿ, ವಾರಕ್ಕೆ ಮೂರು ಸಂಜೆ ಬಸ್ಸು ಹಿಡಿದು ಉಡುಪಿಯ ಬನ್ನಂಜೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಹಗಲು ಪೂರ್ತಿ ಬಿಡುವು. ಟೆಸ್ಟ್ ಇದ್ದ ದಿನ ಕಾಪು ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿರುವ ಚಹಾ ಅಂಗಡಿಗೆ ಹೋಗಿ ಲೆಕ್ಕ ಬರೆಯುತ್ತಿದ್ದೆ. ವಯಸ್ಸಿಗೆ ಬಂದ ಹುಡುಗಿ ಚಹಾ ಅಂಗಡಿಯಲ್ಲಿ ಕೂರುವುದು ಅಮ್ಮನಿಗೆ ಇಷ್ಟವಿರಲಿಲ್ಲ. ಅಜ್ಜನ ಪಕ್ಕದಲ್ಲೇ ಕೂರುವುದಾದರೆ ಆಗಬಹುದು ಎಂದಿದ್ದಳು.

ಅಜ್ಜ ಎಂದರೆ ಅಮ್ಮನ ಅಪ್ಪ. ನಲವತ್ತು ವರ್ಷ ಕಡಲಿಗೆ ಹೋಗಿ, ಮೊಣಕಾಲು ಸೋತ ಮೇಲೆ ದಡಕ್ಕೆ ಬಂದವರು. ಅವರಿಗೆ ಕ್ರಿಕೆಟ್ ಕಲಿಸಿದ್ದು ನನ್ನ ಅಣ್ಣ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದವರು ಕಾರ್ಕಳದ ಶಾಲೆಯಿಂದ ನಿವೃತ್ತರಾದ, ಕೊಂಕಣಿ ಮನೆಮಾತಿನ ಮಾಷ್ಟ್ರು. ಕಟಪಾಡಿಯಿಂದ ಸೈಕಲಿನಲ್ಲಿ ಬರುತ್ತಿದ್ದರು. ತುಳು ಚೆನ್ನಾಗಿ ಬರುತ್ತಿದ್ದರೂ ಕ್ರಿಕೆಟ್ಟನ್ನು ಮಾತ್ರ ಕನ್ನಡದಲ್ಲೇ ಮಾತಾಡಬೇಕು ಎಂಬುದು ಅವರ ಹಟ. ಒಲೆಯ ಹಿಂದೆ ಇದ್ದವರು ಅಂಗಡಿಯ ಸಾಹೇಬರು. ರೇಡಿಯೋ ಅವರದು, ದುಬೈಯಿಂದ ತಮ್ಮ ತಂದುಕೊಟ್ಟದ್ದು. ಆದ್ದರಿಂದ ಕೊನೆಯ ಮಾತೂ ತಮ್ಮದೇ ಎಂದು ಅವರು ತಿಳಿದಿದ್ದರು.

ಜಗಳ ಮೊದಲ ಚೆಂಡಿಗಿಂತ ಮುಂಚೆಯೇ ಶುರುವಾಗಿತ್ತು. ಹನ್ನೊಂದು ಮಂದಿಯಲ್ಲಿ ನಮ್ಮ ಆಫ್ ಸ್ಪಿನ್ನರ್ ಇರಲಿಲ್ಲ. ಅವನ ಬದಲು ಇನ್ನೊಬ್ಬ ಬ್ಯಾಟ್ಸ್‌ಮನ್ ಬಂದಿದ್ದ.

“ಎಂತ ಮಾಷ್ಟ್ರೆ ಇದು? ನಾಲ್ಕನೇ ದಿನ ಪಿಚ್ಚು ಒಡೆದ ಮೇಲೆ ಯಾರು ಬಾಲ್ ಹಾಕುದು? ಸೆಲೆಕ್ಟರಿನ ಹೆಂಡತಿಯಾ?” ಎಂದರು ಸಾಹೇಬರು.

“ಮೊದಲು ಸೋಲದ ಹಾಗೆ ನೋಡಬೇಕು ಸಾಹೇಬ್ರೆ. ಆಮೇಲೆ ಗೆಲ್ಲುವ ಮಾತು.”

“ನೀವು ಶಾಲೆಯಲ್ಲಿಯೂ ಹೀಗೆಯಾ? ಮಕ್ಕಳು ಪಾಸಾಗುದು ಬೇಡ, ಫೇಲಾಗದಿದ್ದರೆ ಸಾಕು?”

ಅಜ್ಜ ಎರಡೂ ಕಡೆಗೆ ಸೇರುತ್ತಿರಲಿಲ್ಲ. ಅವರಿಗೆ ಫೀಲ್ಡಿಂಗ್ ಮಾತ್ರ ಮುಖ್ಯ. “ಮೂರು ಜನ ಹಿಂದೆ ನಿಂತಿದ್ದಾರೆ, ಆಚೆ ಬದಿ ಪೂರಾ ಖಾಲಿ ಅಂತೆ. ಇಷ್ಟು ದೊಡ್ಡ ತೂತಿನ ಬಲೆ ಹಿಡ್ಕೊಂಡು ನಾನು ಕಡಲಿಗೆ ಹೋಗಿದ್ರೆ ನಿನ್ನ ಅಜ್ಜಿ ಮನೆಗೆ ಸೇರಿಸ್ತಿರಲಿಲ್ಲ” ಎನ್ನುತ್ತಿದ್ದರು.

ನಾನು ಮಾಷ್ಟ್ರ ಪಕ್ಷ. ಅಣ್ಣನದು ಸಾಹೇಬರ ಪಕ್ಷ. ಆದರೆ ಅಣ್ಣ ಆ ದಿನ ಬೆಂಚಿನಲ್ಲಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಮಲ್ಪೆಗೆ ಹೋಗಿ ಬೋಟು ಹತ್ತಿದ್ದ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಕೆಲಸ ಒಂದು ಟ್ರಾಲ್ ಬೋಟಿನಲ್ಲಿ. ಎರಡು ರಾತ್ರಿ ಕಡಲಲ್ಲೇ ಉಳಿದು, ಮೂರನೇ ದಿನ ಬೆಳಿಗ್ಗೆ ಬಂದರಿಗೆ ಬರುವ ಬೋಟು ಅದು. ಬೋಟು ನಡೆಸುವ ತಾಂಡೇಲರೂ ಸೇರಿ ನಾಲ್ಕು ಜನ. ದಡದ ಸುದ್ದಿ ಅವರಿಗೆ ಮುಟ್ಟಲು ಇದ್ದದ್ದು ಒಂದೇ ದಾರಿ, ಅಣ್ಣನ ಅಂಗೈಯಗಲದ ಟ್ರಾನ್ಸಿಸ್ಟರ್.

ನನಗೂ ಅವನಿಗೂ ಒಂದು ಪಂಥ ಇತ್ತು. ನಾನು ದಡದಲ್ಲಿ, ಅವನು ಕಡಲಲ್ಲಿ, ಇಬ್ಬರೂ ಚೆಂಡು ಚೆಂಡಿಗೂ ಲೆಕ್ಕ ಬರೆಯಬೇಕು. ಅವನು ಬಂದ ಮೇಲೆ ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹೆಚ್ಚು ಓವರ್ ಬಿಟ್ಟವರಿಗೆ ಸೋಲು. ಅದುವರೆಗೆ ಏಳು ಪಂದ್ಯ ಆಗಿತ್ತು: ನನಗೆ ಐದು, ಅವನಿಗೆ ಎರಡು. ಅವನು ಸೋಲುವುದಕ್ಕೆ ಕಾರಣ ಎರಡು. ಇಂಜಿನ್ನಿನ ಅದುರಿಗೆ ರೇಡಿಯೋದ ಮುಳ್ಳು ಜಾರುತ್ತಿತ್ತು. ಅದಲ್ಲದೆ ದಿನಾ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ತಾಂಡೇಲರು ಅದನ್ನು ಕಸಿದು, ಮಂಗಳೂರು ಸ್ಟೇಶನ್ನಿಗೆ ತಿರುಗಿಸಿ, ಮೀನುಗಾರರಿಗೆ ಕೊಡುವ ಹವಾಮಾನದ ಸೂಚನೆ ಕೇಳುತ್ತಿದ್ದರು. ಮತ್ತೆ ಕಾಮೆಂಟರಿ ಹುಡುಕಿ ಹಿಡಿಯುವಷ್ಟರಲ್ಲಿ ಎರಡು ಓವರ್ ಹೋಗಿರುತ್ತಿತ್ತು.

ಡಿಸೆಂಬರ್ 2ರ ಸಂಜೆ ನಾನೇ ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಕಾಮೆಂಟರಿ ಬರುವ ಕಡೆ ಮುಳ್ಳು ನಿಲ್ಲಿಸಿ, ತಿರುಪಿನ ಸುತ್ತ ಬಿಗಿಯಾಗಿ ಕಟ್ಟಿಕೊಟ್ಟೆ.

“ತಾಂಡೇಲರು ತಿರುಗಿಸ್ಲಿಕ್ಕೆ ಕೇಳಿದ್ರೆ?” ಎಂದ ಅಣ್ಣ.

“ತಿರುಪು ಕೆಟ್ಟಿದೆ ಅಂತ ಹೇಳು. ಡಿಸೆಂಬರಿನಲ್ಲಿ ಎಂತ ಗಾಳಿ, ಎಂತ ಮಳೆ?”

ಇದು ನಾನು ಹೇಳಿದ ಮಾತು. ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ. ಈಗ ಮೊದಲ ಸಲ ಬರೆಯುತ್ತಿದ್ದೇನೆ.

ಮೊದಲ ದಿನ ನಮ್ಮವರು ತುಂಬ ನಿಧಾನವಾಗಿ ಆಡಿದರು. ಒಮ್ಮೆ ಆರು ಓವರಿಗೆ ಒಂದೂ ರನ್ ಬರಲಿಲ್ಲ. ಸಾಹೇಬರು ಚಹಾದ ಪಾತ್ರೆಯನ್ನು ಕುಕ್ಕಿ, “ಇವನಿಗೆ ಬ್ಯಾಟ್ ಯಾಕೆ? ಬಾಗಿಲು ಕೊಟ್ಟು ನಿಲ್ಲಿಸಿದ್ರೆ ಅದೂ ಔಟಾಗ್ಲಿಕ್ಕಿಲ್ಲ” ಎಂದರು. ಮಾಷ್ಟ್ರು ಸುಖವಾಗಿ ತಲೆಯಾಡಿಸಿದರು. ಆ ದಿನದ ಪುಟದಲ್ಲಿ ಭಯದ ಸುಳಿವಿಲ್ಲ.

ಡಿಸೆಂಬರ್ 4. ಒಂದು ಗಂಟೆಗೆ ಸಾಹೇಬರು ಎಂದಿನಂತೆ ಅಜ್ಜನಿಗಾಗಿ ಮಂಗಳೂರು ಹಾಕಿದರು. ಬೇರೆ ಯಾರಿಗೂ ಆ ಅಂಗಡಿಯಲ್ಲಿ ಕಾಮೆಂಟರಿ ತಪ್ಪಿಸುವ ಹಕ್ಕಿರಲಿಲ್ಲ. ಅಜ್ಜ ಕಡಲು ಬಿಟ್ಟು ಎಂಟು ವರ್ಷವಾಗಿದ್ದರೂ ಆ ಸೂಚನೆ ಕೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಸಾಮಾನ್ಯವಾಗಿ ಅದು ಒಂದೇ ವಾಕ್ಯ: ಯಾವ ಎಚ್ಚರಿಕೆಯೂ ಇಲ್ಲ. ಆ ದಿನ ವಾಕ್ಯ ಮುಗಿಯಲೇ ಇಲ್ಲ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಭಾರೀ ಗಾಳಿ ಬೀಸಲಿದೆ, ಯಾರೂ ಕಡಲಿಗೆ ಇಳಿಯಬಾರದು, ಹೋಗಿರುವವರು ಕೂಡಲೇ ಹತ್ತಿರದ ಬಂದರು ಸೇರಬೇಕು.

ಸಾಹೇಬರು ಮುಳ್ಳನ್ನು ಕೂಡಲೇ ವಾಪಸು ತಿರುಗಿಸಲಿಲ್ಲ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು.

“ಅವರಿಗೂ ಕೇಳಿರ್ತದೆ. ತಾಂಡೇಲ ಬುದ್ಧಿವಂತ. ಬಲೆ ಎಳೆದು ಸಂಜೆಯೊಳಗೆ ಬರ್ತಾರೆ” ಎಂದರು.

ಮಾಷ್ಟ್ರು, “ಮತ್ತೆಂತ? ರೇಡಿಯೋ ಉಂಟಲ್ಲ” ಎಂದರು.

ರೇಡಿಯೋ ಉಂಟು. ಅದರಲ್ಲಿ ಸೂಚನೆ ಕೇಳುವುದಿಲ್ಲ ಎಂದು ಇಡೀ ಕಾಪುವಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಸಾಹೇಬರು ಮತ್ತೆ ಕಾಮೆಂಟರಿ ಹಾಕಿದರು, ಅಜ್ಜ ಊಟಕ್ಕೆ ಎದ್ದರು. ನಾನು, “ನೀವು ಹೋಗಿ, ಈ ಓವರ್ ಮುಗಿಸಿ ಬರ್ತೇನೆ” ಎಂದೆ. ಎಷ್ಟು ಓವರ್ ಬರೆದೆನೋ ನೆನಪಿಲ್ಲ. ಪುಟ ನೋಡಿದರೆ ಹನ್ನೊಂದು ಓವರ್ ಇದೆ, ಒಂದು ಚುಕ್ಕೆಯೂ ತಪ್ಪಿಲ್ಲ. ಬರೆಯುವುದನ್ನು ನಿಲ್ಲಿಸಿದರೆ ಏನೋ ಆಗಿಬಿಡುತ್ತದೆ ಎನಿಸುತ್ತಿತ್ತು. ಅಣ್ಣನೂ ಇದೇ ಚೆಂಡನ್ನು ಬರೆಯುತ್ತಿರಬಹುದು ಎಂಬ ಯೋಚನೆ ಬಂತು. ಅವನು ಇದನ್ನು ಬರೆಯುತ್ತಿದ್ದಾನೆ ಎಂದರೆ ಆ ಸೂಚನೆ ಕೇಳಿಲ್ಲ ಎಂದೇ ಅರ್ಥ.

ಸಂಜೆ ನಮ್ಮ ಟೀಮು ಆಲೌಟ್ ಆಯಿತು. ಆರು ಗಂಟೆಗೆ ಗಾಳಿ ಎದ್ದಿತು. ದೀಪಸ್ತಂಭದ ಬಂಡೆಗೆ ಅಲೆ ಬಡಿಯುವ ಸದ್ದು ನಮ್ಮ ಅಡುಗೆ ಕೋಣೆಗೆ ಕೇಳಿತು.

ನಮ್ಮ ಮನೆಯಲ್ಲಿ ಒಂದು ರೀತಿ ಇದೆ. ಬರಬೇಕಾದ ಹೊತ್ತು ಮೀರಿದ ಬೋಟಿನ ಮಾತನ್ನು ಅದು ಬರುವ ತನಕ ಎತ್ತುವುದಿಲ್ಲ. ‘ಬಂತಾ’ ಎಂದು ಕೇಳುವಂತಿಲ್ಲ, ‘ಇನ್ನೂ ಬರಲಿಲ್ಲ’ ಎನ್ನುವಂತಿಲ್ಲ. ಅಜ್ಜನ ಕಾಲದಿಂದಲೂ ಹಾಗೆಯೇ. ಬಾಯಿ ಬಿಟ್ಟು ಹೇಳಿದರೆ ಕಡಲಿಗೆ ಕೇಳುತ್ತದೆ ಎಂಬ ಹೆದರಿಕೆ. ಅಮ್ಮ ಬಚ್ಚಲ ಹಂಡೆಗೆ ಬೆಂಕಿ ಹಾಕಿದಳು, ಅಣ್ಣ ಬಂದ ಕೂಡಲೇ ಸ್ನಾನಕ್ಕೆ ಬಿಸಿನೀರು ಬೇಕೆಂದು. ಆ ಬೆಂಕಿಯನ್ನು ಮೂರು ದಿನ ಆರಲು ಬಿಡಲಿಲ್ಲ.

ಡಿಸೆಂಬರ್ 5. ಮಳೆ. ಅಜ್ಜ ಬೆಳಗಾಗುವ ಮೊದಲೇ ಮಲ್ಪೆಗೆ ಹೋದರು. ಹತ್ತೂವರೆಗೆ ಉಡುಪಿ ಬಸ್ಸಿನಿಂದ ಇಳಿದು, ಕೊಡೆ ಮಡಚಿ, ಬೆಂಚಿನಲ್ಲಿ ಕೂತು ನನ್ನನ್ನು ಕೇಳಿದರು:

“ಎಷ್ಟಾಯ್ತು?”

ಕೇಳಿದ್ದು ಸ್ಕೋರು. ಎಲ್ಲರಿಗೂ ಅರ್ಥವಾಯಿತು. ಸಾಹೇಬರು ಅವರ ಮುಂದೆ ಕೇಳದೆಯೇ ಚಹಾ ಇಟ್ಟರು.

ಪಂದ್ಯ ನಡೆಯುತ್ತಿದ್ದ ಊರಿನಲ್ಲಿ ಒಳ್ಳೆಯ ಬಿಸಿಲಿದೆ, ಮಹಿಳೆಯರು ಬಣ್ಣಬಣ್ಣದ ಕೊಡೆ ಬಿಡಿಸಿ ಕೂತಿದ್ದಾರೆ ಎಂದು ಕಾಮೆಂಟರಿಯವರು ಹೇಳುತ್ತಿದ್ದರು. ನಮ್ಮಲ್ಲಿ ಅಂಗಡಿಯ ತಗಡು ಗಾಳಿಗೆ ಎದ್ದು ಎದ್ದು ಬೀಳುತ್ತಿತ್ತು. ಅವತ್ತು ವಾದ ಆದಷ್ಟು ಜೋರಾಗಿ ಆ ಅಂಗಡಿಯಲ್ಲಿ ಎಂದೂ ಆಗಿರಲಿಕ್ಕಿಲ್ಲ. ಎದುರು ಟೀಮಿನ ಜೋಡಿ ಕುದುರಿ ನಿಂತಿತ್ತು, ನಮ್ಮ ಕ್ಯಾಪ್ಟನ್ ಒಂದು ತುದಿಯಿಂದ ದಣಿದ ವೇಗದ ಬೌಲರನ್ನೇ, ಇನ್ನೊಂದರಿಂದ ಇದ್ದ ಸ್ಪಿನ್ನರನ್ನು ಮತ್ತೆ ಮತ್ತೆ ತರುತ್ತಿದ್ದ.

“ಶಾರ್ಟ್ ಲೆಗ್ ಇಲ್ಲ! ಸ್ಪಿನ್ನಿಗೆ ಶಾರ್ಟ್ ಲೆಗ್ ಇಲ್ಲದೆ ಬಾಲ್ ಹಾಕಿಸುದು ಯಾವ ಶಾಸ್ತ್ರ ಮಾಷ್ಟ್ರೆ?” ಸಾಹೇಬರ ದನಿ ಮಳೆಗಿಂತ ಮೇಲಿತ್ತು.

“ತಲೆಗೆ ಪೆಟ್ಟು ಬೀಳ್ತದೆ ಮಾರಾಯ್ರೆ. ನಿಲ್ಲುವವನಿಗೂ ಮನೆಯಲ್ಲಿ ಜನ ಇರ್ತಾರೆ.”

ಮಾಷ್ಟ್ರು ಹಾಗೆ ಹೇಳಿ ತಟ್ಟನೆ ಬಾಯಿ ಮುಚ್ಚಿಕೊಂಡರು. ಅಜ್ಜ ರಸ್ತೆಯ ಕಡೆ ನೋಡಿದರು. ಸಾಹೇಬರು ಗಡಿಬಿಡಿಯಲ್ಲಿ, “ಆಫ್ ಸ್ಪಿನ್ನರ್ ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ” ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಅವರು ಆಟಕ್ಕಾಗಿ ಜಗಳವಾಡುತ್ತಿಲ್ಲ, ಮೌನಕ್ಕೆ ಹೆದರಿ ಆಡುತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ನಾನೂ ಕೂಗಿದೆ. ಆರನೇ ಬ್ಯಾಟ್ಸ್‌ಮನ್ ಬೇಕೇ ಬೇಕಿತ್ತು ಎಂದು ಕೂಗಿದೆ.

ಆ ಸಂಜೆ ಅಜ್ಜ ನಡೆಯುತ್ತಾ ಒಂದೇ ಮಾತು ಹೇಳಿದರು. ಮಲ್ಪೆಯಿಂದ ಹೊರಗೆ ಹೋದ ಬೋಟುಗಳೆಲ್ಲ ಒಳಗೆ ಬಂದಿವೆ, ಒಂದರ ಹೊರತು. ಯಾವುದು ಎಂದು ಅವರು ಹೇಳಲಿಲ್ಲ.

ಡಿಸೆಂಬರ್ 6. ಆಗ ಪ್ರತಿ ಟೆಸ್ಟ್ ಪಂದ್ಯದ ನಡುವೆ ಒಂದು ವಿಶ್ರಾಂತಿ ದಿನ ಇರುತ್ತಿತ್ತು. ಮೂರು ದಿನ ಆಡಿ, ನಾಲ್ಕನೇ ದಿನ ಆಟಗಾರರಿಗೆ ಬಿಡುವು. ಅದು ಆ ದಿನ.

ಆದರೂ ಹತ್ತು ಗಂಟೆಗೆ ಎಲ್ಲರೂ ಬೆಂಚಿಗೆ ಬಂದೆವು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ರೇಡಿಯೋದಲ್ಲಿ ಯಾವುದೋ ವಾದ್ಯ ಸಂಗೀತ. ಸಾಹೇಬರು ಅದನ್ನು ಆಫ್ ಮಾಡಿದರು. ಆಗ ಕಡಲಿನ ಸದ್ದು ಪೇಟೆಯ ತನಕ ಕೇಳಿಸಿತು.

ಮಾಷ್ಟ್ರು, “ಮಗೂ, ನಿನ್ನೆಯದ್ದು ಓದು ನೋಡುವ. ಮೊದಲ ಓವರಿನಿಂದ” ಎಂದರು.

ನಾನು ಓದಿದೆ. ಚುಕ್ಕೆ, ಚುಕ್ಕೆ, ಒಂದು, ಚುಕ್ಕೆ, ನಾಲ್ಕು, ಚುಕ್ಕೆ. ಪ್ರತಿ ಓವರಿಗೆ ಅವರು ತಡೆದು, ಆಗಿಹೋದ ಆಟಕ್ಕೆ ಹೊಸದಾಗಿ ಫೀಲ್ಡ್ ಇಟ್ಟರು. ಇಲ್ಲಿ ಒಬ್ಬನನ್ನು ನಿಲ್ಲಿಸಬೇಕಿತ್ತು, ಅಲ್ಲಿ ಬೌಲರ್ ಬದಲಿಸಬೇಕಿತ್ತು. ಹದಿನಾಲ್ಕು ಓವರ್ ಹೀಗೆ ಹೋಯಿತು. ಹದಿನೈದನೇ ಓವರಿನಲ್ಲಿ ಮಾಷ್ಟ್ರು, “ಕ್ಯಾಪ್ಟನಿಗೆ ಯಾರಾದರೂ ಹೇಳಬೇಕಿತ್ತು. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡು ಕೂತರೆ ಎಂತ ಪ್ರಯೋಜನ?” ಎಂದರು.

ಅವರು ಹೇಳಿದ್ದು ಕ್ರಿಕೆಟ್ಟಿನ ಮಾತು. ಆದರೆ ನನ್ನ ಕಣ್ಣಿಗೆ ಪುಟ ಕಾಣಿಸದೆ ಹೋಯಿತು.

“ಅವರಿಗೆ ಕೇಳಿಲ್ಲ” ಎಂದೆ. “ಸೂಚನೆ ಅವರಿಗೆ ಕೇಳಿಲ್ಲ ಅಜ್ಜ. ತಿರುಪು ನಾನು ಕಟ್ಟಿದ್ದೇನೆ. ಕೆಟ್ಟಿದೆ ಅಂತ ಹೇಳ್ಲಿಕ್ಕೆ ಹೇಳಿದ್ದು ನಾನು.”

ಎಲ್ಲವನ್ನೂ ಹೇಳಿದೆ. ಪಂಥ, ಟ್ಯೂಬು, ಐದು ಮತ್ತು ಎರಡು. ಸಾಹೇಬರು ಒಲೆಯ ಹಿಂದಿನಿಂದ ಬಂದು ನೀರಿನ ಲೋಟ ನನ್ನ ಕೈಗೆ ಕೊಟ್ಟರು. “ಕುಡಿ ಮೋಳೇ” ಎಂದರು. ತಮ್ಮ ಮಗಳನ್ನು ಕರೆಯುವುದೂ ಹಾಗೆಯೇ.

ಅಜ್ಜ ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ನನ್ನ ಪುಸ್ತಕ ಮುಚ್ಚಿಟ್ಟು, “ಇವತ್ತು ಆಟ ಇಲ್ಲ ಅಲ್ವಾ?” ಎಂದರು.

“ಇಲ್ಲ.”

“ಹಾಗಾದ್ರೆ ಬಿಚ್ಚಿರ್ತಾನೆ. ಆಟ ಇಲ್ಲದ ದಿನ ಅದನ್ನು ಕಟ್ಟಿ ಇಟ್ಕೊಂಡು ಎಂತ ಮಾಡ್ತಾನೆ?”

ಬಿಚ್ಚಲು ಕೈ ಇದ್ದರೆ. ನಾಲ್ವರೂ ಅದನ್ನೇ ಯೋಚಿಸಿದೆವು. ಮತ್ತೆ, ನಾನು ಹುಟ್ಟಿದ ಮೇಲೆ ಮೊದಲ ಸಲ, ಬಾರದ ನಮ್ಮದೇ ಬೋಟಿನ ಮಾತನ್ನು ಅಜ್ಜನೇ ನೇರವಾಗಿ ಎತ್ತಿದರು.

“ಕೇಳದಿದ್ರೆ ಬಲೆ ಬಿಟ್ಟುಕೊಂಡೇ ಇರ್ತಾರೆ. ಗಾಳಿ ಬಂದ ಮೇಲೆ ಇಂಜಿನ್ನಿಗೆ ನೀರು ನುಗ್ತದೆ. ಇಂಜಿನ್ ನಿಂತ್ರೆ ಬೋಟು ಮಲ್ಪೆಗೆ ಬರುದಿಲ್ಲ. ಗಾಳಿ ತೆಂಕಿನದ್ದು. ಬಡಗು ಹೋಗ್ತದೆ. ನಾನು ಮಲ್ಪೆಯಲ್ಲಿ ನೋಡಿದ್ದು ತಪ್ಪು.”

“ಬಡಗು ಅಂದ್ರೆ ಎಲ್ಲಿ?” ಎಂದರು ಸಾಹೇಬರು.

“ಗಂಗೊಳ್ಳಿ. ಇಲ್ಲದಿದ್ರೆ ಭಟ್ಕಳ. ಅದಕ್ಕೂ ಆಚೆ ಹೋದ್ರೆ ನನಗೆ ಗೊತ್ತಿಲ್ಲ.”

ಸಾಹೇಬರು ಅಂಗಿ ಹಾಕಿಕೊಂಡು ರಸ್ತೆಗೆ ಇಳಿದರು. ನಮ್ಮ ಕಡೆ ಬಸ್ಸಿನ ಕಂಡಕ್ಟರುಗಳು ಔಷಧಿಯಿಂದ ಹಿಡಿದು ಮದುವೆ ಕಾಗದದ ತನಕ ಎಲ್ಲವನ್ನೂ ಮುಟ್ಟಿಸುತ್ತಾರೆ. ಮಾಷ್ಟ್ರು ನನ್ನ ಪುಸ್ತಕದ ಖಾಲಿ ಹಾಳೆಗಳನ್ನು ಹರಿದು, “ಬರಿ, ಓದಲಿಕ್ಕೆ ಆಗುವ ಹಾಗೆ ಬರಿ” ಎಂದರು. ನಾಲ್ಕು ಜನರಿದ್ದ ಮಲ್ಪೆಯ ಬೋಟು, ಇಂಥ ಬಣ್ಣ, ಕಂಡವರು ಕಾಪು ಪೇಟೆಯ ಚಹಾ ಅಂಗಡಿಗೆ ತಿಳಿಸಿ. ಕತ್ತಲಾಗುವವರೆಗೆ ಬಡಗು ಕಡೆಗೆ ಹೋದ ಹದಿಮೂರು ಬಸ್ಸಿಗೆ ಹದಿಮೂರು ಚೀಟಿ ಕೊಟ್ಟೆವು. ಒಬ್ಬ ಕಂಡಕ್ಟರ್ ಚೀಟಿ ಓದಿ, “ಎಷ್ಟು ದಿನ ಆಯ್ತು?” ಎಂದು ಕೇಳಿದ. “ಎರಡು” ಎಂದೆ. ಅವನು ನನ್ನ ಮುಖ ನೋಡದೆ ಸೀಟಿ ಊದಿದ.

ಡಿಸೆಂಬರ್ 7. ಆಟ ಮತ್ತೆ ಶುರುವಾಯಿತು. ನನ್ನ ಪುಸ್ತಕದಲ್ಲಿ ಆ ದಿನ ಒಂದು ಚುಕ್ಕೆಯೂ ಇಲ್ಲ. ರೇಡಿಯೋ ತನ್ನಷ್ಟಕ್ಕೆ ಒಂದು ಮೂಲೆಯಲ್ಲಿ ಮಾತಾಡುತ್ತಿತ್ತು. ಬಡಗಿನಿಂದ ಬರುವ ಪ್ರತಿ ಬಸ್ಸು ನಿಧಾನಿಸುವಾಗ ನಾನು ರಸ್ತೆಗೆ ಇಳಿಯುತ್ತಿದ್ದೆ. ಮೊದಲ ನಾಲ್ಕು ಬಸ್ಸಿನವರು ಕೈಯಾಡಿಸಿ ಹೋದರು. ಐದನೆಯದು ಹನ್ನೊಂದು ಇಪ್ಪತ್ತಕ್ಕೆ ಬಂತು. ಕಂಡಕ್ಟರ್ ಇಳಿದು ಬಂದ. ಇಳಿಯುವವರು ಯಾರೂ ಇಲ್ಲದಿದ್ದರೂ ಅವನು ಇಳಿದದ್ದು ನೋಡಿ ಅಜ್ಜ ಎದ್ದು ನಿಂತರು, ನಾನು ಕಣ್ಣು ಮುಚ್ಚಿದೆ.

ಅವನು ಕೊಟ್ಟದ್ದು ನಮ್ಮದೇ ಚೀಟಿ, ಅದರ ಹಿಂದೆ ಅಣ್ಣನ ಅಕ್ಷರ. “ನಾಲ್ವರೂ ಇದ್ದೇವೆ. ಭಟ್ಕಳ. ಬೋಟು ಅರ್ಧ ಉಂಟು.”

ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆಂಚಿನಲ್ಲಿ ಕೂತು, ಎಲ್ಲರೆದುರು ಅತ್ತರು. ಸಾಹೇಬರು ಆ ಕಂಡಕ್ಟರಿಗೆ ಗೋಳಿಬಜೆಯ ತಟ್ಟೆಯನ್ನೇ ಎತ್ತಿ ಕೊಟ್ಟರು. ನಾನು ಮನೆಗೆ ಓಡಿದೆ.

ಸಂಜೆ ಒಂದು ಮೀನಿನ ಲಾರಿಯಲ್ಲಿ ಅಣ್ಣ ಬಂದಿಳಿದ. ತುಟಿ ಒಡೆದಿತ್ತು, ಅಂಗೈಯ ಚರ್ಮ ಸುಲಿದಿತ್ತು. ಬೆಂಚಿನವರನ್ನು ನೋಡಿ ಅವನು ಆಡಿದ ಮೊದಲ ಮಾತು, “ಆಫ್ ಸ್ಪಿನ್ನರ್ ಬೇಕಿತ್ತು ಅಲ್ವಾ ಸಾಹೇಬ್ರೆ?” ಸಾಹೇಬರು ಅವನಿಗೆ ಬಿಸಿ ಚಹಾ ತಂದರು.

ಅವನು ಹೇಳಿದ್ದನ್ನು ಆ ದಿನವೇ ಬರೆದುಕೊಂಡೆ. ಅಜ್ಜ ಎಣಿಸಿದಂತೆಯೇ ಆಗಿತ್ತು. ಗಾಳಿ ಬಂದಾಗ ಬಲೆ ನೀರಿನಲ್ಲಿತ್ತು. ಬಲೆ ಕಡಿದರು, ಇಂಜಿನ್ ನಿಂತಿತು, ಟ್ರಾನ್ಸಿಸ್ಟರ್ ಮೊದಲ ಅಲೆಗೇ ಹೋಯಿತು. ಎರಡು ದಿನ ಡಬ್ಬದಲ್ಲಿ ನೀರು ಹೊರಗೆ ಚೆಲ್ಲುತ್ತಾ ಬಡಗು ಬಡಗಿಗೆ ತೇಲಿದರು. 6ನೇ ತಾರೀಕು ಮಧ್ಯಾಹ್ನ, ನಾನು ಚೀಟಿ ಬರೆಯುತ್ತಿದ್ದ ಹೊತ್ತಿಗೆ, ಒಂದು ಬೋಟು ಬಳಿಗೆ ಬಂತು. ಆ ಗಾಳಿಯಲ್ಲಿ ಅದು ಹೊರಗೆ ಯಾಕಿತ್ತೋ ಗೊತ್ತಿಲ್ಲ. ಮೂರು ಸಲ ಹಗ್ಗ ಎಸೆದರು, ಮೂರನೇ ಸಲ ಸಿಕ್ಕಿತು. ಎಳೆಯುವ ಮೊದಲು ಅವರಲ್ಲಿ ವಯಸ್ಸಾದ ಒಬ್ಬರು ಕೊಂಕಣಿಯಲ್ಲಿ ಬೈದು, ಮತ್ತೆ ಕನ್ನಡದಲ್ಲಿ ಕೂಗಿ ಕೇಳಿದರಂತೆ: “ರೇಡಿಯೋ ಇಲ್ವಾ ನಿಮಗೆ?”

ನಮ್ಮ ತಾಂಡೇಲರು, “ಕೆಟ್ಟಿತ್ತು” ಎಂದರಂತೆ. ಅವರು ಅದನ್ನು ನಂಬಿದ್ದರು. ಅಣ್ಣ ಆಗ ತಲೆ ತಗ್ಗಿಸಿದವನು ದಡ ಸೇರಿದ ಮೇಲೆ ನಿಜ ಹೇಳಿದ. ಮುಂದಿನ ವಾರ ತಾಂಡೇಲರು ತಾವೇ ಒಂದು ರೇಡಿಯೋ ತಂದರು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಣ್ಣ ನನ್ನನ್ನು ಬೈಯಲಿಲ್ಲ. “ಬಿಚ್ಚುವ ಕೈ ನನ್ನದೇ ಇತ್ತು” ಎಂದ, ಅಷ್ಟೇ. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಇಂದಿಗೂ ಅವನು ಕಡಲಿಗೆ ಹೋದ ದಿನ, ಒಂದು ಗಂಟೆಯಾಗುವಾಗ, ನಾನು ಎಲ್ಲಿದ್ದರೂ ಒಂದು ರೇಡಿಯೋ ಹುಡುಕಿ ಮಂಗಳೂರು ಹಾಕಿಸುತ್ತೇನೆ.

ಆ ಪಂದ್ಯ ಡ್ರಾ ಆಯಿತಂತೆ. ಅದಾದ ಮೇಲೆ ನಾನೂ ಅಣ್ಣನೂ ಪಂಥ ಕಟ್ಟಲಿಲ್ಲ.

ಈಗ ನಾನು ಇದನ್ನು ಬರೆಯುತ್ತಿರುವ ಕಾರಣ. ಆ ಬೋಟು ಭಟ್ಕಳದ ಅಳಿವೆಯ ಬಾಯಿಗೆ ಇವರನ್ನು ತಂದು ಬಿಟ್ಟು, ಹಗ್ಗದ ತುದಿ ತನ್ನ ಕಡೆಯಿಂದ ಬಿಚ್ಚಿ, ಒಳಗೆ ಬಾರದೆ ತಿರುಗಿ ಹೋಯಿತು. ಉಪ್ಪುನೀರಿಗೆ ಊದಿದ ಇವರ ಕಣ್ಣಿಗೆ ಬಣ್ಣ ಕಂಡಿತು, ಹೆಸರು ಓದಲಾಗಲಿಲ್ಲ. ಅಣ್ಣನೂ ತಾಂಡೇಲರೂ ಗಂಗೊಳ್ಳಿಯಿಂದ ಕಾರವಾರದವರೆಗೆ ಐದು ಬಂದರುಗಳಲ್ಲಿ ವಿಚಾರಿಸಿದ್ದಾರೆ, ಸಿಕ್ಕಿಲ್ಲ. ನಮಗೆ ಗೊತ್ತಿರುವುದು ಇಷ್ಟು: ಮೂತಿಗೆ ಹಸಿರು ಬಣ್ಣ, ಅದರ ಮೇಲೆ ಬಿಳಿ ಗೆರೆ. ಜನ ಐದು ಅಥವಾ ಆರು. ಬೈದವರು ತಲೆಗೆ ಕೆಂಪು ಬಟ್ಟೆ ಸುತ್ತಿದ್ದರು. ಅವರ ತೆಂಗಿನ ನಾರಿನ ಹಗ್ಗ ನಮ್ಮ ಮನೆಯಲ್ಲಿದೆ. ಅಜ್ಜ ಅಳೆದದ್ದು ಇಪ್ಪತ್ತೆರಡು ಮಾರು, ನಡುವೆ ಎರಡು ಕಡೆ ನೀಲಿ ನೂಲಿನಿಂದ ಹೆಣೆದು ಸೇರಿಸಿದ ಗಂಟು. ಆ ಬೋಟು ಆ ಸಂಜೆ ತನ್ನ ಬಂದರಿಗೆ ಮುಟ್ಟಿತೇ ಎಂಬುದೂ ನಮಗೆ ಗೊತ್ತಿಲ್ಲ. ಗೊತ್ತಿರುವವರು, ಆ ಗಂಟು ಹಾಕಿದ ಕೈ ಯಾರದೆಂದು ಬಲ್ಲವರು, ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಸುದ್ದಿ ಒಳ್ಳೆಯದಲ್ಲದಿದ್ದರೂ ಬರೆಯಿರಿ.